ಮೂರು ತಲೆಮಾರಿನ ಜೊತೆ ಒರ್ಲ್ಯಾಂಡೊ: ಡಿಸ್ನಿಗೆ ಎಷ್ಟು ದಿನ, ಯೂನಿವರ್ಸಲ್‌ಗೆ ಎಷ್ಟು ದಿನ?

ಹೋಟೆಲ್, ಟಿಕೆಟ್ ದರ ಎಲ್ಲ ಆಮೇಲೆ ನೋಡಿದರಾಯಿತು. ಒರ್ಲ್ಯಾಂಡೊಗೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾದ ದಿನವೇ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ. ಪಾರ್ಕಿಗೆ ಹಾಕಿಕೊಂಡು ಹೋಗುವ ಶೂ ಹಾಕಿಸಿಯೇ ಅಳೆಯಿರಿ. ರೈಡ್ ಬಾಗಿಲಲ್ಲೂ ಶೂ ಸಮೇತವೇ ಅಳೆಯುತ್ತಾರೆ. ಅಂಕಿಯನ್ನು ಇಂಚಿನಲ್ಲಿ ಬರೆದಿಡಿ. ಆಮೇಲೆ ಊರಿನಿಂದ ಬಂದಿರುವ ಅಪ್ಪ-ಅಮ್ಮನೋ ಅತ್ತೆ-ಮಾವನೋ ಒಂದೇ ಸಮನೆ ಎಷ್ಟು ಹೊತ್ತು ನಡೆಯಬಲ್ಲರು, ಮೊಣಕಾಲು ಹೇಗಿದೆ ಎಂದು ಕೇಳಿ. ಡಿಸ್ನಿಯ ಥೀಮ್ ಪಾರ್ಕುಗಳೋ ಯೂನಿವರ್ಸಲ್‌ನವೋ ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಈ ಎರಡರಲ್ಲೇ ಸಿಗುತ್ತದೆ.

ಎರಡೂ ಫ್ಲಾರಿಡಾದ ಒಂದೇ ಊರಿನ ಸುತ್ತ, ಒಂದಕ್ಕೊಂದು ಸುಮಾರು 15 ಕಿ.ಮೀ. ದೂರದಲ್ಲಿವೆ. ಆದರೆ ಗಾತ್ರದಲ್ಲಿ, ಗುಣದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆ, ಅಂದರೆ 100 ಚದರ ಕಿ.ಮೀ.ನಷ್ಟು ಜಾಗ. ಅದರೊಳಗೆ ನಾಲ್ಕು ಥೀಮ್ ಪಾರ್ಕು: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್ (1982), ಹಾಲಿವುಡ್ ಸ್ಟುಡಿಯೋಸ್ (1989), ಅನಿಮಲ್ ಕಿಂಗ್‌ಡಮ್ (1998). ಯೂನಿವರ್ಸಲ್‌ನಲ್ಲಿ ಮೂರು: ಯೂನಿವರ್ಸಲ್ ಸ್ಟುಡಿಯೋಸ್ (1990), ಐಲ್ಯಾಂಡ್ಸ್ ಆಫ್ ಅಡ್ವೆಂಚರ್ (1999), ಮತ್ತು 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್. ಮೊದಲೆರಡು ಅಕ್ಕಪಕ್ಕದಲ್ಲಿವೆ, ನಡೆದೇ ಹೋಗಬಹುದು. ಎಪಿಕ್ ಮಾತ್ರ ಬೇರೆ ಜಾಗದಲ್ಲಿದೆ, ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು. ಇದನ್ನು ಗಮನಿಸದೆ ಮೂರನ್ನೂ ಒಂದೇ ಆವರಣ ಎಂದುಕೊಂಡು ದಿನದ ಲೆಕ್ಕ ತಪ್ಪಿಸಿಕೊಳ್ಳುವವರು ಬಹಳ.

ಇಂಚಿನ ಲೆಕ್ಕ

ಡಿಸ್ನಿಯಲ್ಲಿ 38 ಇಂಚು (97 ಸೆಂ.ಮೀ.) ದಾಟಿದ ಮಗುವಿಗೆ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್, ಸ್ಲಿಂಕಿ ಡಾಗ್ ಡ್ಯಾಶ್ ಎಂಬ ಎರಡು ಒಳ್ಳೆಯ ಚಿಕ್ಕ ರೋಲರ್ ಕೋಸ್ಟರ್‌ಗಳು ಸಿಗುತ್ತವೆ. 40 ಇಂಚಿಗೆ (102 ಸೆಂ.ಮೀ.) ರೈಸ್ ಆಫ್ ದಿ ರೆಸಿಸ್ಟೆನ್ಸ್, ಟವರ್ ಆಫ್ ಟೆರರ್, ಸೋರಿನ್, ಟೆಸ್ಟ್ ಟ್ರ್ಯಾಕ್. 42ಕ್ಕೆ ಎಪ್ಕಾಟ್‌ನ ಗಾರ್ಡಿಯನ್ಸ್ ಕೋಸ್ಟರ್. 44ಕ್ಕೆ (112 ಸೆಂ.ಮೀ.) ಸ್ಪೇಸ್ ಮೌಂಟನ್, ಎಕ್ಸ್‌ಪೆಡಿಷನ್ ಎವರೆಸ್ಟ್, ಫ್ಲೈಟ್ ಆಫ್ ಪ್ಯಾಸೇಜ್. 48 ಇಂಚಿಗೆ (122 ಸೆಂ.ಮೀ.) ಟ್ರಾನ್. ಡಿಸ್ನಿಯ ನಾಲ್ಕೂ ಪಾರ್ಕಿನಲ್ಲಿ 48ಕ್ಕಿಂತ ಹೆಚ್ಚು ಕೇಳುವ ಕೋಸ್ಟರ್ ಇಲ್ಲ.

ಯೂನಿವರ್ಸಲ್‌ನ ದೊಡ್ಡ ರೈಡುಗಳು ಶುರುವಾಗುವುದೇ ಬಹುಪಾಲು ಅಲ್ಲಿಂದ. ಹ್ಯಾರಿ ಪಾಟರ್ ಕಥೆಯ ಹ್ಯಾಗ್ರಿಡ್ ಮೋಟರ್‌ಬೈಕ್, ಹಾಗ್ವರ್ಟ್ಸ್ ಕೋಟೆಯೊಳಗಿನ ಫರ್ಬಿಡನ್ ಜರ್ನಿ, ಎಪಿಕ್‌ನ ಸ್ಟಾರ್‌ಡಸ್ಟ್ ರೇಸರ್ಸ್ ಮತ್ತು ಮಾನ್‌ಸ್ಟರ್ಸ್ ಅನ್‌ಚೈನ್ಡ್, ನಾಲ್ಕಕ್ಕೂ 48 ಇಂಚು. ವೆಲೋಸಿಕೋಸ್ಟರ್‌ಗೆ 51 (130 ಸೆಂ.ಮೀ.), ಹಲ್ಕ್ ಕೋಸ್ಟರ್‌ಗೆ 54 (137 ಸೆಂ.ಮೀ.). ಹ್ಯಾರಿ ಪಾಟರ್‌ನದ್ದೇ ಗ್ರಿಂಗಾಟ್ಸ್‌ಗೆ 42 ಸಾಕು. ಎಪಿಕ್‌ನ ಮಾರಿಯೋ ಕಾರ್ಟ್, ಹ್ಯಾರಿ ಪಾಟರ್‌ನ ಮಿನಿಸ್ಟ್ರಿ ರೈಡ್, ಹಿಕಪ್ಸ್ ವಿಂಗ್ ಗ್ಲೈಡರ್ಸ್‌ಗೆ 40 ಇಂಚಿಗೆ ಬಿಡುತ್ತಾರೆ.

ಹೀಗಾಗಿ ನಮ್ಮ ಸಲಹೆ ಸ್ಪಷ್ಟ. ಮನೆಯ ಅತಿ ಚಿಕ್ಕ ಮಗು 44 ಇಂಚಿನೊಳಗಿದ್ದರೆ ಹೆಚ್ಚು ದಿನ ಡಿಸ್ನಿಗೆ ಕೊಡಿ. ಮಕ್ಕಳೆಲ್ಲ 48 ದಾಟಿ, ಹದಿಹರೆಯಕ್ಕೆ ಕಾಲಿಟ್ಟಿದ್ದರೆ ಯೂನಿವರ್ಸಲ್‌ಗೆ ಕೊಡಿ. ನಡುವಿನವರಿಗೆ ಎರಡೂ ಬೇಕು. ಒಂದೂವರೆ ಇಂಚು ಕಡಿಮೆ ಬಿದ್ದು ಹ್ಯಾಗ್ರಿಡ್ ಬಾಗಿಲಲ್ಲಿ ಅಳುವ ಮಗುವಿಗೆ ಸಮಾಧಾನ ಹೇಳುವುದು ಕಷ್ಟ. ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕೆ ಬಿಡುವುದಿಲ್ಲ ಎಂದು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ದಪ್ಪ ಅಟ್ಟೆಯ ಶೂ ಹಾಕಿಸಿ ಎತ್ತರ ಏರಿಸುವ ಪ್ರಯತ್ನ ಬೇಡ. ಸೀಟಿನ ಕಂಬಿ ಮೈಗೆ ಸರಿಯಾಗಿ ಕೂರಬೇಕೆಂದೇ ಆ ಮಿತಿ ಇಟ್ಟಿರುವುದು.

ಮಗುವನ್ನು ಬಿಡದ ರೈಡಿಗೆ ಅಪ್ಪ-ಅಮ್ಮ ಸರದಿಯಲ್ಲಿ ಹೋಗುವ ಏರ್ಪಾಡು ಎರಡೂ ಕಡೆ ಇದೆ, ಕ್ರಮ ಬೇರೆ. ಡಿಸ್ನಿಯಲ್ಲಿ ಅದರ ಹೆಸರು ರೈಡರ್ ಸ್ವಿಚ್. ರೈಡಿನ ಬಾಗಿಲಲ್ಲಿ ಇಡೀ ಕುಟುಂಬ ನಿಂತು ಸಿಬ್ಬಂದಿಗೆ ಹೇಳಬೇಕು. ಮೊದಲ ಗುಂಪು ಕ್ಯೂ ನಿಂತು ಹೋಗಿ ಬರುತ್ತದೆ, ಮಗುವಿನ ಜೊತೆ ಉಳಿದವರು ಹೊರಗೆಲ್ಲಾದರೂ ನೆರಳಲ್ಲಿ ಕೂತು, ಆಮೇಲೆ ಬೇಗ ಹೋಗುವ ಸಾಲಿನಿಂದ ಒಳಗೆ ಹೋಗುತ್ತಾರೆ. ಯೂನಿವರ್ಸಲ್‌ನ ಚೈಲ್ಡ್ ಸ್ವಿಚ್‌ನಲ್ಲಿ ಎಲ್ಲರೂ ಒಟ್ಟಿಗೇ ಕ್ಯೂನಲ್ಲಿ ಒಳಗೆ ಹೋಗಿ, ರೈಡ್ ಹತ್ತುವ ಜಾಗದ ಪಕ್ಕದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರು ಕೂರುತ್ತಾರೆ. ಮೊದಲಿನವರು ಇಳಿದ ಕೂಡಲೇ ಅದಲುಬದಲು. ಅಂದರೆ ಅಲ್ಲಿ ಮಗುವೂ ಪೂರ್ತಿ ಕ್ಯೂ ನಿಲ್ಲಬೇಕು. ಒಳಗೆ ಹೋಗುವ ಮುಂಚೆ ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬನ್ನಿ, ಕೈಯಲ್ಲಿ ಒಂದು ಬಿಸ್ಕತ್ ಪೊಟ್ಟಣ ಇರಲಿ.

ಯಾವುದರಲ್ಲಿ ಏನು ಸುಖ

ಡಿಸ್ನಿಯ ದೊಡ್ಡ ಗುಣ, ಅಜ್ಜಿ ಮತ್ತು ಮೂರು ವರ್ಷದ ಮೊಮ್ಮಗು ಒಂದೇ ಸೀಟಿನಲ್ಲಿ ಕೂರಬಹುದಾದ ರೈಡುಗಳು ಅಲ್ಲಿ ತುಂಬ ಇವೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪೀಟರ್ ಪ್ಯಾನ್, ಸ್ಮಾಲ್ ವರ್ಲ್ಡ್, ಹಾಂಟೆಡ್ ಮ್ಯಾನ್ಷನ್, ಪೈರೇಟ್ಸ್, ಪೀಪಲ್‌ಮೂವರ್; ಎಪ್ಕಾಟ್‌ನಲ್ಲಿ ಫ್ರೋಜನ್, ರೆಮಿಯ ಇಲಿ ಸವಾರಿ; ಅನಿಮಲ್ ಕಿಂಗ್‌ಡಮ್‌ನಲ್ಲಿ ಸಫಾರಿ. ಇವು ಯಾವುದಕ್ಕೂ ಎತ್ತರದ ಮಿತಿಯಿಲ್ಲ. ಪೈರೇಟ್ಸ್‌ನಲ್ಲಿ ಕತ್ತಲಲ್ಲಿ ದೋಣಿ ಒಂದು ಕಡೆ ಸಣ್ಣಗೆ ಜಾರಿ ಇಳಿಯುತ್ತದೆ, ಹಿರಿಯರಿಗೆ ಮೊದಲೇ ಹೇಳಿಡಿ. ಹಾಂಟೆಡ್ ಮ್ಯಾನ್ಷನ್, ಪೀಪಲ್‌ಮೂವರ್‌ಗಳನ್ನು ಚಲಿಸುವ ಪಟ್ಟಿಯ ಮೇಲೆ ನಿಂತು ಹತ್ತಬೇಕು. ಮೊಣಕಾಲು ನೋವಿರುವವರು ಎಡವುವುದು ಇಂಥ ಕಡೆಯೇ. ಹತ್ತುವ ಮುಂಚೆ ಸಿಬ್ಬಂದಿಗೆ ಹೇಳಿ. ಸಾಧ್ಯವಿರುವ ಕಡೆ ವೇಗ ತಗ್ಗಿಸಿ ಹತ್ತಿಸುತ್ತಾರೆ.

ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ಭಾಗವನ್ನು ಊರಿನಿಂದ ಬಂದ ಹಿರಿಯರಿಗೆ ತಪ್ಪದೆ ತೋರಿಸಿ. ಅದು ಆನಂದಪುರ ಎಂಬ ಕಲ್ಪಿತ ಊರು. ಬಣ್ಣ ಮಾಸಿದ ಗೋಡೆ, ಹಳೇ ಅಂಗಡಿ ಬೋರ್ಡು, ದೂರಕ್ಕೆ ಎವರೆಸ್ಟ್ ಹೋಲುವ ಬೆಟ್ಟ. ಅಲ್ಲಿನ ಮಹಾರಾಜ ಜಂಗಲ್ ಟ್ರೆಕ್ ಎಂಬ ಕಾಲುದಾರಿಯಲ್ಲಿ ಪಾಳು ಅರಮನೆಯ ಗೋಡೆಗಳ ನಡುವೆ ಹುಲಿಗಳನ್ನು ಹತ್ತಿರದಿಂದ ನೋಡಬಹುದು. ಸಾಮಾನ್ಯವಾಗಿ ಕ್ಯೂ ಇರುವುದಿಲ್ಲ, ಕೋಸ್ಟರ್ ಹತ್ತುವವರು ಎವರೆಸ್ಟ್‌ಗೆ ಹೋದಾಗ ಉಳಿದವರು ಇಲ್ಲಿ ನಿಧಾನವಾಗಿ ಸುತ್ತಾಡಬಹುದು. 110 ಎಕರೆಯ ಕಿಲಿಮಂಜಾರೊ ಸಫಾರಿಗೆ ಮಾತ್ರ ಬೆಳಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಸಿಂಹ ನೆರಳು ಹುಡುಕಿ ಮಲಗಿಬಿಡುತ್ತದೆ. ಲಾರಿ ಸ್ವಲ್ಪ ಕುಲುಕುತ್ತದೆ, ಬೆನ್ನು ನೋವಿರುವವರಿಗೆ ಮುಂದಿನ ಸಾಲು ಕೇಳಿ.

ಯೂನಿವರ್ಸಲ್‌ನ ಗುಣ ಬೇರೆ. ಅಲ್ಲಿ ಸುಖ ಇರುವುದು ವೇಗದಲ್ಲಿ, ಮತ್ತು ಒಂದು ಜಗತ್ತಿನೊಳಗೆ ಪೂರ್ತಿ ಮುಳುಗಿಸುವ ಕೆಲಸಗಾರಿಕೆಯಲ್ಲಿ. 2010ರಲ್ಲಿ ಹಾಗ್ಸ್‌ಮೀಡ್, 2014ರಲ್ಲಿ ಡಯಾಗನ್ ಆಲಿ ತೆರೆದಾಗಿನಿಂದ ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ಅದೇ ಮೊದಲ ಊರು. ಡಯಾಗನ್ ಆಲಿಗೆ ಹೋಗುವ ದಾರಿ ಒಂದು ಇಟ್ಟಿಗೆ ಗೋಡೆಯ ಸಂದಿಯಲ್ಲಿದೆ, ಹೊರಗಿನಿಂದ ನೋಡಿದರೆ ಒಳಗೆ ಒಂದು ಬೀದಿಯೇ ಇದೆ ಎಂದು ಗೊತ್ತಾಗುವುದಿಲ್ಲ. ಒಳಗೆ ಕಾಲಿಟ್ಟ ಕ್ಷಣ ಎದುರಿಗೆ ಗ್ರಿಂಗಾಟ್ಸ್ ಬ್ಯಾಂಕು, ಅದರ ಮೇಲೆ ಕೂತ ಡ್ರ್ಯಾಗನ್. ಅದು ಆಗಾಗ ಬೆಂಕಿ ಉಗುಳುತ್ತದೆ. ಕೆಳಗೆ ನಿಂತವರ ಮುಖಕ್ಕೆ ಆ ಬಿಸಿ ತಟ್ಟುತ್ತದೆ, ಚಿಕ್ಕ ಮಕ್ಕಳನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ. ಅಲ್ಲಿಂದ ಹಾಗ್ಸ್‌ಮೀಡ್‌ಗೆ ಹೋಗುವ ರೈಲು ಎರಡು ಪಾರ್ಕುಗಳನ್ನು ಜೋಡಿಸುತ್ತದೆ. ಒಂದು ಪಾರ್ಕಿನ ಟಿಕೆಟ್ ಇಟ್ಟುಕೊಂಡು ಆ ರೈಲು ಹತ್ತಲಾಗುವುದಿಲ್ಲ, ಪಾರ್ಕ್-ಟು-ಪಾರ್ಕ್ ಟಿಕೆಟ್ಟೇ ಬೇಕು.

ಯೂನಿವರ್ಸಲ್‌ನ ಒಂದು ಕೊರತೆಯನ್ನು ಮೊದಲೇ ತಿಳಿದಿರಿ: ಪರದೆ ನೋಡುತ್ತಾ ಸೀಟು ಅಲುಗಾಡುವ ರೈಡುಗಳು ಅಲ್ಲಿ ಜಾಸ್ತಿ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಬರುವವರಿಗೆ ಫರ್ಬಿಡನ್ ಜರ್ನಿ ಕಷ್ಟ. ಅಲ್ಲಿ ರೋಬೋ ತೋಳಿನ ತುದಿಯಲ್ಲಿ ಸೀಟು, ಎದುರಿಗೆ ಪರದೆ. ಕಣ್ಣಿಗೆ ಕಾಣುವ ಚಲನೆಗೂ ಕಿವಿಯೊಳಗಿನ ಸಮತೋಲನಕ್ಕೂ ತಾಳೆಯಾಗದೇ ಹೊಟ್ಟೆ ತೊಳಸುತ್ತದೆ. ಹೊಟ್ಟೆ ಬಿರಿಯ ಊಟ ಮಾಡಿ ಹತ್ತಬೇಡಿ. ಇಂಥ ಎರಡು ರೈಡುಗಳನ್ನು ಒಂದರ ಹಿಂದೆ ಒಂದು ಹತ್ತಬೇಡಿ. ಮಧ್ಯೆ ಕಷ್ಟವಾದರೆ ಪರದೆ ಬಿಟ್ಟು ಪಕ್ಕದವರ ಕಡೆಗೋ ಸೀಟಿನ ಅಂಚಿನ ಕಡೆಗೋ ನೋಡಿ. ಡಿಸ್ನಿಯಲ್ಲೂ ಸ್ಟಾರ್ ಟೂರ್ಸ್, ಫ್ಲೈಟ್ ಆಫ್ ಪ್ಯಾಸೇಜ್‌ಗಳಿಗೆ ಇದೇ ಎಚ್ಚರ ಬೇಕು. ಬಿಪಿ, ಹೃದಯ, ಕತ್ತು-ಬೆನ್ನಿನ ತೊಂದರೆ ಇರುವವರು, ಗರ್ಭಿಣಿಯರು ಪ್ರತಿ ಬಾಗಿಲಲ್ಲಿರುವ ಬೋರ್ಡನ್ನು ಪೂರ್ತಿ ಓದಿ. ಅಲ್ಲಿ ಬೇಡ ಎಂದಿದ್ದರೆ ಬೇಡ.

ಕ್ಯೂ: ಎರಡು ಕಡೆಯ ಎರಡು ಲೆಕ್ಕ

ಇಡೀ ಪ್ರವಾಸದ ಸುಖ-ದುಃಖ ಇದರಲ್ಲೇ ಇದೆ. ಡಿಸ್ನಿಯ ದಿನ ಮನೆಯಲ್ಲಿ ಫೋನ್ ಹಿಡಿದು ಕೂತಾಗಲೇ ಅರ್ಧ ತೀರ್ಮಾನವಾಗುತ್ತದೆ. ಯೂನಿವರ್ಸಲ್‌ನ ದಿನ ತೀರ್ಮಾನವಾಗುವುದು ಯಾವ ಹೋಟೆಲ್ ಹಿಡಿದಿದ್ದೀರಿ ಎಂಬುದರ ಮೇಲೆ.

ಡಿಸ್ನಿಯಲ್ಲಿ ಬೇಗ ಹೋಗುವ ಸಾಲಿಗೆ ಲೈಟ್ನಿಂಗ್ ಲೇನ್ ಎಂದು ಹೆಸರು. 2024ರ ಜುಲೈಯಿಂದ ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮಲ್ಟಿ ಪಾಸ್ ಕೊಂಡರೆ ಒಂದು ಪಾರ್ಕಿನ ಮೂರು ರೈಡುಗಳನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬಹುದು. ಅತಿ ಬೇಡಿಕೆಯ ಒಂದೆರಡು ರೈಡಿಗೆ ಸಿಂಗಲ್ ಪಾಸ್, ಅದನ್ನು ಬಿಡಿಬಿಡಿಯಾಗಿ ಕೊಳ್ಳಬೇಕು. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರಿಗೆ 7 ದಿನ ಮೊದಲು, ಇಡೀ ತಂಗುವ ಅವಧಿಗೆ ಒಟ್ಟಿಗೇ ಬುಕಿಂಗ್ ತೆರೆಯುತ್ತದೆ. ಹೊರಗಿನ ಹೋಟೆಲಿನವರಿಗೆ ಆಯಾ ದಿನಕ್ಕೆ 3 ದಿನ ಮೊದಲು. ಎರಡೂ ಬೆಳಗ್ಗೆ 7ಕ್ಕೆ, ಒರ್ಲ್ಯಾಂಡೊ ಸಮಯ. ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಅದು ಬೆಳಗಿನ ಜಾವ 4 ಗಂಟೆ, ಟೆಕ್ಸಸ್‌ನ ಬಹುಭಾಗದಲ್ಲಿ 6.

ಮಾಡುವ ಕ್ರಮ ಹೀಗೆ. ಒಂದು ವಾರ ಮುಂಚೆಯೇ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್‌ನಲ್ಲಿ ಎಲ್ಲರ ಟಿಕೆಟ್ಟನ್ನೂ ಒಂದೇ ಖಾತೆಗೆ ಜೋಡಿಸಿ, ಕಾರ್ಡ್ ವಿವರ ಉಳಿಸಿಡಿ. ಹಿಂದಿನ ರಾತ್ರಿ ಬೇಕಾದ ಮೂರು ರೈಡುಗಳನ್ನು, ಅವು ಸಿಗದಿದ್ದರೆ ಬೇರೆ ಎರಡನ್ನು ಚೀಟಿಯಲ್ಲಿ ಬರೆದಿಡಿ. ರೈಡುಗಳನ್ನು ಬಹುಪಾಲು ಪಾರ್ಕುಗಳಲ್ಲಿ ಎರಡು ಗುಂಪು ಮಾಡಿರುತ್ತಾರೆ. ಬೇಡಿಕೆಯ ಗುಂಪಿನಿಂದ ಒಂದೇ, ಇನ್ನೊಂದರಿಂದ ಎರಡು. 6.55ಕ್ಕೆ ಆ್ಯಪ್ ತೆರೆದು, 7 ಹೊಡೆದ ಕೂಡಲೇ ದಿನ, ಪಾರ್ಕು, ಜನ ಆರಿಸಿ ಮುಂದುವರಿಯಿರಿ. ಇಲ್ಲಿ ಬಹಳ ಮಂದಿ ಮಾಡುವ ತಪ್ಪು ಒಂದಿದೆ: ಮೂರನ್ನೂ ದಿನವಿಡೀ ಹರಡಿ ಒಂದು ಬೆಳಗ್ಗೆ, ಒಂದು ಮಧ್ಯಾಹ್ನ, ಒಂದು ಸಂಜೆ ಎಂದು ಇಡುವುದು. ಹಾಗೆ ಮಾಡಬೇಡಿ. ಮೂರನ್ನೂ ಆದಷ್ಟು ಬೆಳಗ್ಗೆಗೇ ಇಟ್ಟುಕೊಳ್ಳಿ. ಮೊದಲನೆಯದನ್ನು ಬಳಸಿದ ಕೂಡಲೇ ಇನ್ನೊಂದನ್ನು ಗೊತ್ತುಮಾಡಲು ಅವಕಾಶ ತೆರೆಯುತ್ತದೆ, ಬೇಗ ಬಳಸಿದಷ್ಟೂ ದಿನದಲ್ಲಿ ಹೆಚ್ಚು ಸಿಗುತ್ತವೆ. ರೈಡಿನ ಗೇಟಿನಲ್ಲಿ ಕೈಗೆ ಕಟ್ಟಿದ ಬ್ಯಾಂಡ್ ಅಥವಾ ಫೋನ್ ತೋರಿಸಿ ಒಳಗೆ ಕಾಲಿಟ್ಟ ತಕ್ಷಣ, ಸಾಲಿನಲ್ಲಿ ನಡೆಯುತ್ತಲೇ ಮುಂದಿನದನ್ನು ಹಿಡಿಯಿರಿ. ಒಂದು ರೈಡಿಗೆ ದಿನಕ್ಕೆ ಒಂದೇ ಬಾರಿ. ನಿಮ್ಮ ಒಂದು ಗಂಟೆಯ ಅವಧಿಯಲ್ಲಿ ರೈಡ್ ಕೆಟ್ಟು ನಿಂತರೆ ಗಾಬರಿ ಬೇಡ. ಪಾಸು ಬೇರೆ ರೈಡುಗಳಿಗೂ ನಡೆಯುವಂತೆ ಆ್ಯಪ್‌ನಲ್ಲೇ ಬದಲಾಗುತ್ತದೆ.

ನಾಲ್ಕೂ ಪಾರ್ಕಿಗೆ ಇದನ್ನು ಕೊಳ್ಳುವ ಅಗತ್ಯವಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ಗೆ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಕೊಟ್ಟ ದುಡ್ಡು ದಕ್ಕುತ್ತದೆ. ಅನಿಮಲ್ ಕಿಂಗ್‌ಡಮ್‌ಗೆ ಬೇಡ, ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಾಕು. ಎಪ್ಕಾಟ್ ಜನಸಂದಣಿ ನೋಡಿ ನಿರ್ಧರಿಸಿ.

ಈಗ ಯೂನಿವರ್ಸಲ್. ಅಲ್ಲಿ ಬೇಗ ಹೋಗುವ ಸಾಲಿಗೆ ಕೊಳ್ಳುವ ಎಕ್ಸ್‌ಪ್ರೆಸ್ ಪಾಸಿಗೆ ಸಮಯ ಗೊತ್ತುಮಾಡುವ ಗೊಡವೆ ಇಲ್ಲ. ಇದ್ದರೆ ಯಾವಾಗ ಬೇಕಾದರೂ ಆ ಸಾಲಿಗೆ ಹೋಗಬಹುದು. ಬೆಲೆ ದಿನಕ್ಕೆ ತಕ್ಕಂತೆ ಏರಿಳಿಯುತ್ತದೆ, ರಜೆ ದಿನಗಳಲ್ಲಿ ಟಿಕೆಟ್ಟನ್ನೂ ಮೀರುತ್ತದೆ. ಆದರೆ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್, ಈ ಮೂರು ಹೋಟೆಲುಗಳಲ್ಲಿ ಉಳಿದರೆ ಕೋಣೆಯಲ್ಲಿರುವ ಎಲ್ಲರಿಗೂ ಅನಿಯಮಿತ ಎಕ್ಸ್‌ಪ್ರೆಸ್ ಕೋಣೆಯ ಬಾಡಿಗೆಯಲ್ಲೇ ಸೇರಿದೆ. ಅದೂ ಚೆಕ್-ಇನ್ ದಿನಕ್ಕೂ ಚೆಕ್-ಔಟ್ ದಿನಕ್ಕೂ. ಒಂದು ರಾತ್ರಿ ಉಳಿದರೆ ಎರಡು ಪೂರ್ತಿ ದಿನ.

ಲೆಕ್ಕ ಹಾಕಿ ನೋಡಿ. ಎಕ್ಸ್‌ಪ್ರೆಸ್ ಒಬ್ಬರಿಗೆ ದಿನಕ್ಕೆ 120 ಡಾಲರ್ ಎಂದಿಟ್ಟುಕೊಂಡರೆ ನಾಲ್ಕು ಜನಕ್ಕೆ ಎರಡು ದಿನಕ್ಕೆ 960 ಡಾಲರ್. ರಾಯಲ್ ಪೆಸಿಫಿಕ್‌ನಲ್ಲಿ ಒಂದು ರಾತ್ರಿಯ ಕೋಣೆ ತೆರಿಗೆ, ಪಾರ್ಕಿಂಗ್ ಸೇರಿ ಇದಕ್ಕಿಂತ ಕಡಿಮೆಗೆ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಇಬ್ಬರೇ ಹೋಗುತ್ತಿದ್ದರೆ ಲೆಕ್ಕ ಬೇರೆಯಾಗಬಹುದು, ಎರಡೂ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೋಣೆ ಸಿಗುವುದು ಸಂಜೆ 4ಕ್ಕೆ ಎಂದು ಸಂಜೆಗೆ ಹೋದರೆ ಒಂದು ದಿನದ ಪಾಸು ನೀರಿನಲ್ಲಿ ಹೋಮ. ಬೆಳಗ್ಗೆ 7ರ ಹೊತ್ತಿಗೇ ರಿಸೆಪ್ಷನ್‌ನಲ್ಲಿರಿ. ಕೋಣೆ ತಯಾರಿರದಿದ್ದರೂ ಚೆಕ್-ಇನ್ ಮಾಡಿಸಿಕೊಳ್ಳುತ್ತಾರೆ. ಸೂಟ್‌ಕೇಸುಗಳನ್ನು ಬೆಲ್ ಡೆಸ್ಕಿಗೆ ಕೊಟ್ಟು ಚೀಟಿ ತೆಗೆದುಕೊಳ್ಳಿ, ಎಕ್ಸ್‌ಪ್ರೆಸ್ ಪಾಸು ಎಲ್ಲರ ಹೆಸರಿಗೂ ಆಗಿದೆಯೇ ಎಂದು ನೋಡಿಕೊಂಡು ಪಾರ್ಕಿಗೆ ನಡೆಯಿರಿ. ಮರುದಿನ 11ರೊಳಗೆ ಕೋಣೆ ಬಿಟ್ಟು, ಸಾಮಾನು ಮತ್ತೆ ಬೆಲ್ ಡೆಸ್ಕಿನಲ್ಲಿಟ್ಟು, ಪಾರ್ಕ್ ಮುಚ್ಚುವವರೆಗೂ ಅದೇ ಪಾಸು ಬಳಸಬಹುದು.

ಎರಡು ಷರತ್ತು ನೆನಪಿರಲಿ. ಹೋಟೆಲಿನ ಈ ಎಕ್ಸ್‌ಪ್ರೆಸ್ ಹಳೆಯ ಎರಡು ಪಾರ್ಕುಗಳಿಗೆ ಮಾತ್ರ. ಎಪಿಕ್‌ಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ಕೊಳ್ಳಬೇಕು. ಕಬಾನಾ ಬೇ, ಎಂಡ್‌ಲೆಸ್ ಸಮ್ಮರ್‌ನಂಥ ಅಗ್ಗದ ಯೂನಿವರ್ಸಲ್ ಹೋಟೆಲುಗಳಲ್ಲಿ ಉಚಿತ ಎಕ್ಸ್‌ಪ್ರೆಸ್ ಇಲ್ಲ. ಆದರೆ ಗೊತ್ತುಪಡಿಸಿದ ಪಾರ್ಕಿಗೆ ಒಂದು ಗಂಟೆ ಮೊದಲು ಒಳಗೆ ಬಿಡುವ ಸೌಲಭ್ಯ ಅವಕ್ಕೂ ಇದೆ. ಡಿಸ್ನಿ ಹೋಟೆಲಿನವರಿಗೆ ಅದು ಅರ್ಧ ಗಂಟೆ, ಆದರೆ ಪ್ರತಿ ದಿನ, ನಾಲ್ಕೂ ಪಾರ್ಕಿಗೆ.

ದುಡ್ಡು ಕೊಡದೇ ಬೇಗ ಹೋಗುವ ದಾರಿಯೂ ಒಂದಿದೆ: ಸಿಂಗಲ್ ರೈಡರ್ ಸಾಲು. ಹದಿಹರೆಯದ ಮಕ್ಕಳು ಬೇರೆ ಬೇರೆ ಕೂರಲು ಒಪ್ಪಿದರೆ, ಖಾಲಿ ಉಳಿದ ಒಂಟಿ ಸೀಟಿಗೆ ಬೇಗ ಹತ್ತಿಸುತ್ತಾರೆ. ಯೂನಿವರ್ಸಲ್‌ನಲ್ಲಿ ಇದು ಹೆಚ್ಚು ರೈಡುಗಳಿಗಿದೆ, ಡಿಸ್ನಿಯಲ್ಲಿ ಕೆಲವೇ.

ಗೇಟಿಗೆ ತಲುಪುವುದು

ಮ್ಯಾಜಿಕ್ ಕಿಂಗ್‌ಡಮ್‌ನ ಪಾರ್ಕಿಂಗ್ ಪಾರ್ಕಿನ ಎದುರಿಗಿಲ್ಲ. ಕಾರು ನಿಲ್ಲಿಸುವುದು ಕೆರೆಯ ಈಚೆ ದಡದಲ್ಲಿ. ಅಲ್ಲಿಂದ ಮೊನೊರೈಲೋ ದೋಣಿಯೋ ಹಿಡಿದು ಆಚೆ ದಡಕ್ಕೆ ಹೋಗಬೇಕು. ಊಬರ್ ಕೂಡ ಈಚೆ ದಡಕ್ಕೇ ಬಿಡುತ್ತದೆ. 9ಕ್ಕೆ ಪಾರ್ಕ್ ತೆರೆಯುತ್ತದೆಂದು 8.45ಕ್ಕೆ ಪಾರ್ಕಿಂಗ್ ತಲುಪಿದವರು ಕೋಟೆ ನೋಡುವಾಗ 9.30 ಆಗಿರುತ್ತದೆ; ದಿನದ ಅತಿ ಕಡಿಮೆ ಕ್ಯೂ ಇರುವ ಹೊತ್ತು ಅಷ್ಟರಲ್ಲಿ ಕಳೆದಿರುತ್ತದೆ. ಪಾರ್ಕ್ ತೆರೆಯುವುದಕ್ಕೆ ಒಂದೂಕಾಲು ಗಂಟೆ ಮೊದಲೇ ಪಾರ್ಕಿಂಗ್‌ನಲ್ಲಿರಿ. ಡಿಸ್ನಿ ಹೋಟೆಲ್ ಬಸ್ಸುಗಳು ಮಾತ್ರ ನೇರ ಗೇಟಿಗೇ ಬಿಡುತ್ತವೆ. ರಾತ್ರಿ ಬಾಣಬಿರುಸು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಮೊನೊರೈಲಿಗೆ ನುಗ್ಗುತ್ತಾರೆ. ಹಿರಿಯರಿದ್ದರೆ ಮೇನ್ ಸ್ಟ್ರೀಟ್ ಅಂಗಡಿಗಳ ತಂಪಿನಲ್ಲಿ ಮುಕ್ಕಾಲು ಗಂಟೆ ಕೂತು ಆಮೇಲೆ ಹೊರಡಿ.

ಎಪ್ಕಾಟ್‌ಗೆ ಎರಡು ಬಾಗಿಲಿವೆ. ಸ್ಕೈಲೈನರ್ ತೊಟ್ಟಿಲು ಬಂಡಿಯಲ್ಲಿ ಬಂದರೆ ಹಿಂದಿನ ಬಾಗಿಲಿಗೆ ಇಳಿಯುತ್ತೀರಿ, ರೆಮಿ ಅಲ್ಲಿಂದ ಹತ್ತಿರ. ಹನ್ನೊಂದು ದೇಶಗಳ ಮಂಟಪಗಳು ಕೆರೆಯ ಸುತ್ತ ಇವೆ, ಒಂದು ಸುತ್ತಿಗೆ ಸುಮಾರು 2 ಕಿ.ಮೀ. ಭಾರತದ ಮಂಟಪ ಇಲ್ಲ, ಹುಡುಕಬೇಡಿ. ಇಡೀ ದಿನದಲ್ಲಿ 10 ಕಿ.ಮೀ. ನಡಿಗೆ ಸಾಮಾನ್ಯ. ಊರಿನಲ್ಲಿ ದಿನಾ ವಾಕಿಂಗ್ ಮಾಡುವ ಹಿರಿಯರಿಗೂ ಎರಡನೇ ದಿನ ಕಾಲು ಊದುತ್ತದೆ. ವೀಲ್‌ಚೇರ್ ಎರಡೂ ಕಡೆ ಬಾಡಿಗೆಗೆ ಸಿಗುತ್ತದೆ. 'ನನಗೇಕೆ ಗಾಲಿ ಕುರ್ಚಿ' ಎಂದು ಸಂಕೋಚ ಪಡುತ್ತಾರೆ. ದೂರದ ನಡಿಗೆಗೆ ಮಾತ್ರ, ರೈಡ್ ಹತ್ತಿರ ಎದ್ದು ನಡೆಯಬಹುದು ಎಂದು ಹೇಳಿ ಒಪ್ಪಿಸಿ.

ಯೂನಿವರ್ಸಲ್‌ನ ಹಳೆಯ ಎರಡು ಪಾರ್ಕುಗಳಿಗೆ ಈ ತಲೆನೋವು ಕಡಿಮೆ. ದೊಡ್ಡ ಪಾರ್ಕಿಂಗ್ ಕಟ್ಟಡದಿಂದ ಚಲಿಸುವ ಹಾದಿಯ ಮೇಲೆ ನಿಂತು, ಸಿಟಿವಾಕ್ ಎಂಬ ಅಂಗಡಿ-ಹೋಟೆಲುಗಳ ಬೀದಿ ದಾಟಿದರೆ ಗೇಟು. ಅಲ್ಲಿ ತೊಂದರೆ ಬೇರೆ ಬಗೆಯದು: ಹಲ್ಕ್, ವೆಲೋಸಿಕೋಸ್ಟರ್‌ಗಳಿಗೆ ಜೇಬಿನಲ್ಲಿ ಫೋನು, ಚಿಲ್ಲರೆ ಕೂಡ ಇರಬಾರದು, ಲೋಹಪರೀಕ್ಷಕ ದಾಟಿಸುತ್ತಾರೆ. ಲಾಕರ್ ಉಚಿತ. ಕೋಸ್ಟರ್‌ಗೆ ಹೋಗುವ ದಿನ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವುದನ್ನೋ ಶೂವನ್ನೋ ಹಾಕಿ. ದುಪಟ್ಟಾ, ಸೀರೆಯ ಸೆರಗು ಸೀಟಿನ ಸಂದಿಗೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಊಟ

ಸಸ್ಯಾಹಾರಿಗಳಿಗೆ ಇಲ್ಲಿ ಡಿಸ್ನಿಯೇ ಮೇಲು, ಇದರಲ್ಲಿ ಎರಡನೇ ಮಾತಿಲ್ಲ. ಮೊದಲನೆಯದಾಗಿ, ಹೊರಗಿನ ಊಟ ಒಳಗೆ ತರಲು ಬಿಡುತ್ತಾರೆ. ಚಪಾತಿ-ಪಲ್ಯ, ಚಿತ್ರಾನ್ನ, ಪುಳಿಯೋಗರೆ ಡಬ್ಬಿಗೆ ತುಂಬಿಕೊಂಡು ಹೋಗಬಹುದು; ಗಾಜಿನ ಪಾತ್ರೆ ಮಾತ್ರ ಬೇಡ. ಮೊಸರನ್ನ ಒಯ್ಯುವುದಾದರೆ ಮಂಜಿನ ಪ್ಯಾಕ್ ಇಡಿ, ಜೂನ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಎರಡನೆಯದಾಗಿ, ಮೆನುವಿನಲ್ಲಿ ಸಸ್ಯಜನ್ಯ ಪದಾರ್ಥಕ್ಕೆ ಎಲೆಯ ಗುರುತಿರುತ್ತದೆ. ಅನಿಮಲ್ ಕಿಂಗ್‌ಡಮ್‌ನ ಸಾತುಲಿ ಕ್ಯಾಂಟೀನ್‌ನಲ್ಲಿ ತೋಫು ಹಾಕಿದ ಅನ್ನದ ಬಟ್ಟಲು ಒಳ್ಳೆಯ ಆಯ್ಕೆ. ಪಾರ್ಕಿನ ಹೊರಗೆ, ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬಲ್ಲಿ ನಾನ್, ಕುಲ್ಚಾ, ಪನೀರ್ ಪರೋಟ ಮತ್ತು ಒಂಬತ್ತು ಬಗೆಯ ಚಟ್ನಿ-ಉಪ್ಪಿನಕಾಯಿಯ ತಟ್ಟೆ ಸಿಗುತ್ತದೆ; ಊಟ ಮಾಡುತ್ತಾ ಕಿಟಕಿಯಾಚೆ ಜಿರಾಫೆ ಮೇಯುವುದನ್ನು ನೋಡಬಹುದು. ಅದಕ್ಕೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ.

ಯೂನಿವರ್ಸಲ್‌ನಲ್ಲಿ ಸಣ್ಣ ತಿಂಡಿ, ನೀರಿನ ಬಾಟಲಿಗಷ್ಟೇ ಅನುಮತಿ, ಊಟದ ಡಬ್ಬಿಗೆ ಇಲ್ಲ. ಕೋಡುಬಳೆ, ಚಕ್ಕುಲಿ, ಒಬ್ಬಟ್ಟು ಬ್ಯಾಗಿನಲ್ಲಿರಲಿ. ಎರಡೂ ಕಡೆ ಆರ್ಡರ್ ಮಾಡುವಾಗ ಮೂರು ಮಾತು ಕೇಳಿ: ಅನ್ನ ಕೋಳಿಯ ಸಾರಿನಲ್ಲಿ ಬೇಯಿಸಿದ್ದೇ, ಸೂಪಿನ ನೀರು ಯಾವುದರದು, ಕೇಕಿಗೆ ಮೊಟ್ಟೆ ಹಾಕಿದೆಯೇ. ಮಾಂಸದ ತುಂಡು ಇಲ್ಲ ಎಂಬುದನ್ನೇ ವೆಜ್ ಎನ್ನುವವರಿದ್ದಾರೆ. ತಿಂಡಿ ಅಂಗಡಿಗಳಲ್ಲಿ ಐಸ್ ಹಾಕಿದ ಕುಡಿಯುವ ನೀರಿನ ಲೋಟ ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಬಾಟಲಿ ಕೊಳ್ಳಬೇಡಿ. ಮೊಬೈಲ್ ಆರ್ಡರ್‌ನಲ್ಲಿ 12ರ ಊಟಕ್ಕೆ 10.30ಕ್ಕೇ ಸಮಯ ಹಿಡಿದಿಡಿ.

ಯಾವಾಗ, ಎಷ್ಟು ದಿನ

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಥ್ಯಾಂಕ್ಸ್‌ಗಿವಿಂಗ್ ವಾರ, ಮಾರ್ಚ್-ಏಪ್ರಿಲ್‌ನ ಶಾಲಾ ರಜೆ, ಇವನ್ನು ಬಿಡಿ. ಡಿಸ್ನಿಯ ಒಂದು ದಿನದ ಟಿಕೆಟ್ 2025ರಲ್ಲಿ ದಿನ ಮತ್ತು ಪಾರ್ಕಿಗೆ ತಕ್ಕಂತೆ 119ರಿಂದ 199 ಡಾಲರ್‌ವರೆಗೆ ಇತ್ತು. ಇದರ ಮೇಲೆ 6.5% ತೆರಿಗೆ. ಮೂರು ವರ್ಷದೊಳಗಿನ ಮಗುವಿಗೆ ಎರಡೂ ಕಡೆ ಟಿಕೆಟ್ ಬೇಡ, 10 ತುಂಬಿದರೆ ದೊಡ್ಡವರ ದರ. ಬಳಸಿ ಉಳಿದ ದಿನಗಳ ಟಿಕೆಟ್ಟನ್ನು ಯಾರಾದರೂ ಅಗ್ಗಕ್ಕೆ ಮಾರಿದರೆ ಕೊಳ್ಳಬೇಡಿ. ಮೊದಲು ಬಳಸಿದವರ ಹೆಸರಿಗೆ ಅದು ಕಟ್ಟುಬಿದ್ದಿರುತ್ತದೆ, ಗೇಟಿನಲ್ಲಿ ನಿಲ್ಲಿಸುತ್ತಾರೆ.

ಜನವರಿ ಕೊನೆ, ಫೆಬ್ರವರಿ ಮೊದಲ ವಾರ ಹಿತವಾದ ಹೊತ್ತು. ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ, ಆದರೆ ಸೆಕೆ ಮಂಗಳೂರಿನ ಮೇ ತಿಂಗಳಂತೆ, ಜೊತೆಗೆ ಚಂಡಮಾರುತದ ಕಾಲ. ಅಪ್ಪ-ಅಮ್ಮ ಬೇಸಿಗೆಯಲ್ಲೇ ಬರುವುದಾದರೆ ಮಧ್ಯಾಹ್ನದ ಗುಡುಗು ಮಳೆಗೆ ಸಿದ್ಧರಾಗಿರಿ. ಹತ್ತಿರದಲ್ಲಿ ಮಿಂಚು ಕಂಡರೆ ಹೊರಗಿನ ರೈಡುಗಳೆಲ್ಲ ನಿಲ್ಲುತ್ತವೆ. ಹೊರಗಿನ ಕೋಸ್ಟರ್ ಬೆಳಗ್ಗೆ, ಒಳಾಂಗಣದ್ದು ಮಧ್ಯಾಹ್ನ ಎಂದು ಇಟ್ಟುಕೊಳ್ಳಿ. ಪಾರ್ಕಿನೊಳಗೆ ಮಾರುವ ಮಳೆ ಅಂಗಿ ದುಬಾರಿ, ಮನೆಯಿಂದಲೇ ಒಯ್ಯಿರಿ. ಎಪಿಕ್‌ನಲ್ಲಿ ನೆರಳು ಕಡಿಮೆ, ಕೊಡೆಯೂ ಇರಲಿ.

ಮೂರು ತಲೆಮಾರಿನ ಗುಂಪಿಗೆ ಏಳು ದಿನ ಸಾಕು. ಮೊದಲ ದಿನ ಅನಿಮಲ್ ಕಿಂಗ್‌ಡಮ್; ನಡಿಗೆ ಹಿತವಾಗಿದೆ, ಮಧ್ಯಾಹ್ನ ಮೂರಕ್ಕೆ ಕೋಣೆಗೆ ಮರಳಬಹುದು. ಎರಡನೇ ದಿನ ಮ್ಯಾಜಿಕ್ ಕಿಂಗ್‌ಡಮ್, ಬಾಣಬಿರುಸಿನವರೆಗೆ. ಮೂರನೇ ದಿನ ಬೆಳಗ್ಗೆ ಎಲ್ಲರೂ ಮಲಗಲಿ, ಮಧ್ಯಾಹ್ನದ ಮೇಲೆ ಎಪ್ಕಾಟ್. ನಾಲ್ಕನೇ ದಿನ ಪೂರ್ತಿ ಬಿಡುವು: ಈಜುಕೊಳ, ಬಟ್ಟೆ ಒಗೆಯುವುದು. ಈ ಬಿಡುವಿನ ದಿನಕ್ಕೆ ಇನ್ನೊಂದು ಪಾರ್ಕ್ ತುರುಕಿದರೆ ಐದನೇ ದಿನ ಯಾರೂ ಏಳುವುದಿಲ್ಲ. ಐದನೇ ದಿನ ಬೆಳಗ್ಗೆಯೇ ಡಿಸ್ನಿ ಬಿಟ್ಟು ಯೂನಿವರ್ಸಲ್ ಹೋಟೆಲಿಗೆ. ಐದು, ಆರು ಎರಡೂ ದಿನ ಎಕ್ಸ್‌ಪ್ರೆಸ್‌ನಲ್ಲಿ ಹಳೆಯ ಎರಡು ಪಾರ್ಕು. ಹಿರಿಯರಿಗೆ ಸಾಕೆನಿಸಿದಾಗ ಹೋಟೆಲಿಗೆ ನಡೆದೋ ದೋಣಿಯಲ್ಲೋ ವಾಪಸಾಗಬಹುದು ಎಂಬುದೇ ಈ ಹೋಟೆಲುಗಳ ಇನ್ನೊಂದು ಲಾಭ. ಆರನೇ ದಿನ ಚೆಕ್-ಔಟ್ ಆಗಿರುತ್ತದೆ, ಆ ರಾತ್ರಿಗೆ ಅಗ್ಗದ ಹೋಟೆಲಿಗೆ ಬದಲಾಯಿಸಿಕೊಳ್ಳಿ. ಅದು ಯೂನಿವರ್ಸಲ್‌ನದ್ದೇ ಆಗಿದ್ದರೆ ಏಳನೇ ದಿನ ಎಪಿಕ್‌ಗೆ ಬೇಗ ಬಿಡುವ ಸೌಲಭ್ಯವೂ ಸಿಗುತ್ತದೆ.

ಯೂಟ್ಯೂಬಿನ ಹಳೆಯ ವಿಡಿಯೋ ನೋಡಿ ಪಟ್ಟಿ ಮಾಡಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನ ಟಾಮ್ ಸಾಯರ್ ದ್ವೀಪ 2025ರ ಜುಲೈಯಲ್ಲಿ, ಯೂನಿವರ್ಸಲ್‌ನ ರಿಪ್ ರೈಡ್ ರಾಕಿಟ್ ಕೋಸ್ಟರ್ ಅದೇ ವರ್ಷದ ಆಗಸ್ಟ್‌ನಲ್ಲಿ ಮುಚ್ಚಿದವು. ಹೊರಡುವ ಹಿಂದಿನ ವಾರ ಎರಡೂ ಆ್ಯಪ್ ತೆರೆದು ಯಾವ ರೈಡ್ ರಿಪೇರಿಗೆ ನಿಂತಿದೆ ಎಂದು ನೋಡಿ, ಮಕ್ಕಳ ಎತ್ತರವನ್ನೂ ಇನ್ನೊಮ್ಮೆ ಅಳೆಯಿರಿ. ಟಿಕೆಟ್ ಬುಕ್ ಮಾಡಿ ನಾಲ್ಕು ತಿಂಗಳಾಗಿದ್ದರೆ ಅರ್ಧ ಇಂಚು ಏರಿರಲೂಬಹುದು.